ಹುಳಿ, ಖಾರ, ಒಗರು: ನಮ್ಮ ಮನೆಯೂಟದ ಜೊತೆಗೊಂದು ವೈನ್

ಮನೆಯೂಟಕ್ಕೆ ವೈನ್ ಆರಿಸುವಾಗ ತಟ್ಟೆಯಲ್ಲಿರುವುದು ಕೋಳಿಯೋ, ಮೀನೋ, ಬದನೆಕಾಯಿಯೋ ಎಂದು ಮೊದಲು ನೋಡಬೇಕಾಗಿಲ್ಲ. ಹುಣಸೆಹಣ್ಣು ಎಷ್ಟು ಬಿದ್ದಿದೆ, ಮೆಣಸಿನಕಾಯಿ ಬ್ಯಾಡಗಿಯೋ ಗುಂಟೂರೋ, ಸಾರನ್ನು ಮಂದ ಮಾಡಿರುವುದು ಬೇಳೆಯೋ ತೆಂಗಿನಕಾಯಿಯೋ ಕಡಲೆಕಾಯಿಯೋ, ಈ ಮೂರು ಗೊತ್ತಾದರೆ ಮುಕ್ಕಾಲು ಪಾಲು ಕೆಲಸ ಮುಗಿಯಿತು. ಮಾಂಸಕ್ಕೆ ರೆಡ್, ಮೀನಿಗೆ ವೈಟ್ ಎಂಬ ಮಾತು ಹುಟ್ಟಿದ್ದು ಯುರೋಪಿನ ಅಡುಗೆಮನೆಗಳಲ್ಲಿ. ಅಲ್ಲಿ ಮಾಂಸದ ತುಂಡಿಗೆ ಉಪ್ಪು, ಬೆಣ್ಣೆ, ಒಂದಿಷ್ಟು ಸೊಪ್ಪು ಬಿದ್ದರೆ ಅಡುಗೆಯಾಯಿತು, ನಾಲಿಗೆಗೆ ಮೊದಲು ಸಿಗುವುದು ಮಾಂಸವೇ. ನಮ್ಮಲ್ಲಿ ತುಂಡಿಗಿಂತ ಸಾರು ಮುಂದೆ. ಅದೇ ಮಸಾಲೆ ರುಬ್ಬಿ ಒಂದು ದಿನ ಕೋಳಿಗೆ, ಇನ್ನೊಂದು ದಿನ ಮೊಟ್ಟೆಗೆ, ಮತ್ತೊಂದು ದಿನ ಆಲೂಗಡ್ಡೆಗೆ ಹಾಕುತ್ತೇವೆ. ಮೂರಕ್ಕೂ ಒಂದೇ ವೈನ್ ಹೊಂದುತ್ತದೆ.

ವೈನಿನಲ್ಲಿ ಗಮನಿಸಬೇಕಾದದ್ದೂ ನಮಗೆ ಗೊತ್ತಿರುವ ರುಚಿಗಳನ್ನೇ: ಹುಳಿ, ಸಿಹಿ, ಒಗರು, ಅದರ ಮೇಲೆ ಆಲ್ಕೋಹಾಲಿನ ಬಿಸಿ, ಕೊನೆಗೆ ಪರಿಮಳ. ಹುಳಿ ದ್ರಾಕ್ಷಿಯದ್ದು. ಸಿಹಿ ಅಂದರೆ ಹುದುಗು ಬಂದ ಮೇಲೂ ಉಳಿದ ಸಕ್ಕರೆ. ಒಗರು ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಿಂದ ಬರುತ್ತದೆ. ರೆಡ್ ವೈನನ್ನು ಸಿಪ್ಪೆಯ ಸಮೇತ ಹುದುಗಿಸುವುದರಿಂದ ಅದರಲ್ಲಿ ಒಗರು ಜಾಸ್ತಿ, ವೈಟ್‌ನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಟ್ಯಾನಿನ್ ಎಂದು ಬಾಟಲಿಯ ಹಿಂದೆ ಬರೆದಿರುವುದು ಇದನ್ನೇ. ಅದು ಎಂಜಲಿನಲ್ಲಿರುವ ಪ್ರೊಟೀನಿಗೆ ಅಂಟಿಕೊಳ್ಳುತ್ತದೆ, ಅದಕ್ಕೇ ಬಾಯಿ ಒಣಗಿದಂತಾಗುತ್ತದೆ.

ದ್ರಾಕ್ಷಿ ಮತ್ತು ಹುಣಸೆಹಣ್ಣಿನ ನಂಟನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ನಿಂಬೆಯಲ್ಲಿರುವುದು ಸಿಟ್ರಿಕ್ ಆಮ್ಲ, ಮೊಸರಿನಲ್ಲಿ ಲ್ಯಾಕ್ಟಿಕ್ ಆಮ್ಲ. ಹುಣಸೆಯಲ್ಲಿ ಮುಖ್ಯವಾಗಿರುವುದು ಟಾರ್ಟಾರಿಕ್ ಆಮ್ಲ. ದ್ರಾಕ್ಷಿಯ ಮುಖ್ಯ ಆಮ್ಲವೂ ಅದೇ, ಬೇರೆ ಹಣ್ಣುಗಳಲ್ಲಿ ಅದು ಇಷ್ಟು ಪ್ರಮಾಣದಲ್ಲಿ ಸಿಗುವುದು ಅಪರೂಪ. ಹಾಗಾಗಿ ಹುಣಸೆ ಹಿಂಡಿದ ಹುಳಿಯ ಪಕ್ಕದಲ್ಲಿ ವೈನ್ ಪರಕೀಯ ಅನ್ನಿಸುವುದಿಲ್ಲ. ಆದರೆ ಒಂದು ಷರತ್ತಿದೆ. ಊಟದ ಹುಳಿ ವೈನಿನ ಹುಳಿಗಿಂತ ಜೋರಾದರೆ ವೈನ್ ಸಪ್ಪೆಯಾಗುತ್ತದೆ, ನೀರು ಬೆರೆಸಿದಂತೆ ಚಪ್ಪಟೆಯಾಗುತ್ತದೆ. ನಾಲ್ಕು ಜನಕ್ಕೆ ಮಾಡುವ ಹುಳಿಗೆ ನಿಂಬೆಗಾತ್ರದ ಹುಣಸೆ ಹಾಕುವ ಮನೆಯಲ್ಲಿ ಕಡಿಮೆ ಹುಳಿಯ ವಿಯೊನ್ಯೆ ಎಂಬ ವೈಟ್ ಅಥವಾ ಮೆತ್ತನೆಯ ಮರ್ಲೋ ಎಂಬ ರೆಡ್ ತೆರೆದರೆ ಆಗುವುದು ಇದೇ. ಬಾಟಲಿ ಕೆಟ್ಟಿದೆ ಎಂದು ಅಂಗಡಿಯವನನ್ನು ದೂರಿ ಪ್ರಯೋಜನವಿಲ್ಲ. ಹುಳಿಗೆ ಹುಳಿಯಿರುವ ವೈನೇ ಬೇಕು: ವೈಟ್ ಆದರೆ ಸೊವಿನ್ಯೋಂ ಬ್ಲಾಂ, ಶೆನಿನ್ ಬ್ಲಾಂ, ರೀಸ್ಲಿಂಗ್, ರೆಡ್ ಆದರೆ ಸಾಂಜೊವೇಸೆ. ಇವೆಲ್ಲ ದ್ರಾಕ್ಷಿ ತಳಿಗಳ ಹೆಸರು, ಬಾಟಲಿಯ ಮೇಲೆ ಬರೆದಿರುತ್ತದೆ.

ಇದನ್ನೆಲ್ಲ ಓದಿ ನಂಬುವುದಕ್ಕಿಂತ ಒಂದು ಸಂಜೆ ನಾಲಿಗೆಯ ಮೇಲೇ ಪರೀಕ್ಷಿಸುವುದು ಒಳ್ಳೆಯದು. ಮೂರು ಬಾಟಲಿ ಸಾಕು: ಸ್ವಲ್ಪ ಸಿಹಿ ಇರುವ ಶೆನಿನ್ ಬ್ಲಾಂ, ಸಿಹಿಯೇ ಇಲ್ಲದ ಸೊವಿನ್ಯೋಂ ಬ್ಲಾಂ, ರೆಡ್‌ಗೆ ಒಂದು ಶಿರಾಜ್. ನಾಲ್ಕೈದು ಜನ ಸೇರಿದರೆ ಖರ್ಚೂ ಹಂಚಿಹೋಗುತ್ತದೆ. ತಲಾ 50 ಮಿಲಿಲೀಟರಿನಷ್ಟು ಬಗ್ಗಿಸಿಕೊಳ್ಳಿ. ಒಂದು ತಟ್ಟೆಯಲ್ಲಿ ಚಿಟಿಕೆ ಉಪ್ಪು, ನಿಂಬೆ ಹೋಳು, ಹುರಿದು ಸಿಪ್ಪೆ ತೆಗೆದ ಕಡಲೆಕಾಯಿ ಬೀಜ, ಬೆಲ್ಲದ ಚೂರು, ಹಸಿಮೆಣಸಿನಕಾಯಿಯ ತುದಿ. ಕಡಲೆಕಾಯಿಯ ಕೆಂಪು ಸಿಪ್ಪೆ ತೆಗೆಯಲೇಬೇಕು, ಅದೇ ಒಗರು, ಲೆಕ್ಕ ತಪ್ಪಿಸುತ್ತದೆ. ಪ್ರತಿ ಸಲವೂ ಮೊದಲು ವೈನ್ ಒಂದು ಗುಟುಕು, ಆಮೇಲೆ ತಿನಿಸು, ಅದು ಗಂಟಲಿಳಿದ ಮೇಲೆ ಮತ್ತೆ ಅದೇ ವೈನ್. ನಡುವೆ ಒಂದು ತುತ್ತು ಬರಿ ಅನ್ನ, ನೀರು.

ಉಪ್ಪಿನ ನಂತರ ಮೂರೂ ವೈನಿನ ಹಣ್ಣಿನ ರುಚಿ ಮೇಲೇಳುತ್ತದೆ, ಶಿರಾಜ್‌ನ ಒಗರು ತಗ್ಗುತ್ತದೆ. ನಿಂಬೆಯ ನಂತರ ಸೊವಿನ್ಯೋಂ ಬ್ಲಾಂ ಮೆತ್ತಗಾಗಿ ಸಿಹಿಯೆನ್ನಿಸುತ್ತದೆ, ಶಿರಾಜ್ ಮಂಕಾಗುತ್ತದೆ. ಕಡಲೆಕಾಯಿಯ ಎಣ್ಣೆ ಮತ್ತು ಪ್ರೊಟೀನ್ ಶಿರಾಜ್‌ಗೆ ಬಹಳ ಒಳ್ಳೆಯದು, ಒಗರು ಹೋಗಿ ನುಣುಪಾಗುತ್ತದೆ. ಬೆಲ್ಲದ ನಂತರ ಸಿಹಿ ಇಲ್ಲದ ಎರಡೂ ವೈನ್ ಹುಳಿಯಾಗಿ, ಕೊನೆಯಲ್ಲಿ ಕಹಿಯಾಗಿ ಕಾಣುತ್ತವೆ. ಶೆನಿನ್ ಮಾತ್ರ ಹೇಗೋ ನಿಭಾಯಿಸುತ್ತದೆ. ಮೆಣಸಿನಕಾಯಿಯನ್ನು ಕೊನೆಗೇ ಇಡಿ. ಒಮ್ಮೆ ಕಡಿದರೆ ಹತ್ತು ಹದಿನೈದು ನಿಮಿಷ ಬೇರೇನನ್ನೂ ಸರಿಯಾಗಿ ರುಚಿ ನೋಡಲಾಗದು. ಖಾರದ ಬಾಯಿಗೆ ಶಿರಾಜ್ ಬಿದ್ದಾಗ ಉರಿ ಹೆಚ್ಚುವುದು ಸ್ಪಷ್ಟವಾಗಿ ಗೊತ್ತಾಗುತ್ತದೆ. ತಣ್ಣಗಿನ, ಸ್ವಲ್ಪ ಸಿಹಿಯ ಶೆನಿನ್ ಉರಿಯನ್ನು ಶಮನ ಮಾಡುತ್ತದೆ. ನೀರಿಗಿಂತ ಒಂದು ಚಮಚ ಮೊಸರು ಬೇಗ ಬಾಯಿ ತಿಳಿಯಾಗಿಸುತ್ತದೆ, ಹಾಲಿನ ಕೇಸೀನ್ ಖಾರದ ಅಂಶವನ್ನು ಹಿಡಿದು ತೊಳೆಯುತ್ತದೆ.

ಉರಿ ಹೆಚ್ಚುವುದಕ್ಕೆ ಕಾರಣ ಇದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನಾಲಿಗೆಯಲ್ಲಿ ಬಿಸಿಯನ್ನು ಗುರುತಿಸುವ ನರತುದಿಗಳನ್ನೇ ಎಬ್ಬಿಸುತ್ತದೆ. ಆಲ್ಕೋಹಾಲು ಅದೇ ನರತುದಿಗಳನ್ನು ಇನ್ನಷ್ಟು ಸೂಕ್ಷ್ಮಗೊಳಿಸುತ್ತದೆ. ನಿಜವಾದ ಬಿಸಿಯೂ ಅಲ್ಲೇ ಹೋಗಿ ತಟ್ಟುತ್ತದೆ. ಅಂದರೆ ಗುಂಟೂರು ಮೆಣಸಿನಕಾಯಿ, ಒಲೆಯಿಂದ ಈಗ ತಾನೇ ಇಳಿಸಿದ ಸಾರು, 14 ಶೇಕಡಾದ ರೆಡ್ ವೈನ್ ಈ ಮೂರೂ ಒಂದೇ ಬಾಗಿಲನ್ನು ತಟ್ಟುತ್ತಿರುತ್ತವೆ. ಮೂರರಲ್ಲಿ ಒಂದನ್ನು ತಗ್ಗಿಸಿದರೂ ಊಟ ಸುಧಾರಿಸುತ್ತದೆ. ಸುಲಭದ್ದು ಸಾರನ್ನು ಐದು ಹತ್ತು ನಿಮಿಷ ಆರಲು ಬಿಡುವುದು. ಎರಡನೆಯದು ಮೆಣಸಿನಕಾಯಿ ಬದಲಿಸುವುದು: ಆರು ಗುಂಟೂರು ಹಾಕುವ ಕಡೆ ಎರಡು ಗುಂಟೂರು, ಆರು ಬ್ಯಾಡಗಿ ಹಾಕಿ. ಬ್ಯಾಡಗಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಸಾರಿನ ಕೆಂಪು ಉಳಿಯುತ್ತದೆ, ವೈನಿನ ರುಚಿಯೂ ಉಳಿಯುತ್ತದೆ. ಮೂರನೆಯದು ಬಾಟಲಿಯ ಮೇಲಿನ ಆಲ್ಕೋಹಾಲ್ ಪ್ರಮಾಣ ಓದುವುದು. ಖಾರದ ಊಟಕ್ಕೆ 12.5 ಶೇಕಡಾಕ್ಕಿಂತ ಕೆಳಗಿನದ್ದನ್ನು ಹುಡುಕಿ. ಜರ್ಮನಿಯಲ್ಲಿ, ಅಮೆರಿಕದಲ್ಲಿ ಇರುವ ಕನ್ನಡಿಗರಿಗೆ ಇಲ್ಲೊಂದು ಅನುಕೂಲವಿದೆ. ಮೋಸೆಲ್ ಕಣಿವೆಯ ಕಾಬಿನೆಟ್ ದರ್ಜೆಯ ರೀಸ್ಲಿಂಗ್ ಹಲವು ಬಾರಿ 8ರಿಂದ 9 ಶೇಕಡಾ ಮಾತ್ರ ಇರುತ್ತದೆ, ಹುಳಿ ಜೋರು, ಅದಕ್ಕೆ ತಕ್ಕ ಸಿಹಿ. ಬೇಳೆ ಹುಳಿ, ವಾಂಗೀಬಾತ್, ಪುಳಿಯೋಗರೆಗೆ ಇದಕ್ಕಿಂತ ಒಳ್ಳೆಯ ಜೊತೆ ಸಿಗುವುದು ಕಷ್ಟ.

ನಮ್ಮ ಊಟದ ಕ್ರಮವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒಂದು ತಟ್ಟೆಯಲ್ಲಿ ಒಂದೇ ತಿನಿಸು ಇರುವುದಿಲ್ಲ. ಕೋಸಂಬರಿ, ಪಲ್ಯ, ಹುಳಿ, ತಿಳಿಸಾರು, ಕೊನೆಗೆ ಮೊಸರನ್ನ, ಪಕ್ಕದಲ್ಲಿ ಉಪ್ಪಿನಕಾಯಿ. ಎಲ್ಲದಕ್ಕೂ ಹೊಂದುವ ವೈನ್ ಹುಡುಕಿದರೆ ಯಾವುದಕ್ಕೂ ಹೊಂದದ ಒಂದು ಸಿಗುತ್ತದೆ. ಪಲ್ಯ ಮತ್ತು ಹುಳಿ ಅಥವಾ ಗಸಿ, ಅಂದರೆ ಊಟದ ನಡುಭಾಗಕ್ಕೆ ಮಾತ್ರ ವೈನ್ ಇಟ್ಟುಕೊಳ್ಳಿ. ತಿಳಿಸಾರು ಬಂದಾಗ ಲೋಟ ಪಕ್ಕಕ್ಕಿಡಿ: ಅದು ತಾನೇ ಒಂದು ಪಾನೀಯ, ಬಿಸಿ ಬೇರೆ, ವೈನ್ ಅಲ್ಲಿ ಅಡ್ಡ ಬರುತ್ತದೆ. ಮೊಸರನ್ನಕ್ಕೂ ಬೇಡ. ಉಪ್ಪಿನಕಾಯಿ ಮುಟ್ಟಿದ ಮೇಲೆ ಅಂದಿನ ಮಟ್ಟಿಗೆ ವೈನ್ ಮುಗಿಯಿತೆಂದೇ ತಿಳಿಯಬೇಕು. ಉಪ್ಪು, ಸಾಸಿವೆ, ಖಾರ, ಹುಳಿ ಎಲ್ಲವೂ ಅಲ್ಲಿ ತುದಿ ಮುಟ್ಟಿರುತ್ತವೆ.

ಈಗ ಹುಳಿಯನ್ನೇ ತೆಗೆದುಕೊಳ್ಳೋಣ. ತೊಗರಿಬೇಳೆ ಬೆಂದು ಕರಗಿ ರಸಕ್ಕೆ ಮೈ ಕೊಟ್ಟಿರುತ್ತದೆ. ಹುಳಿಪುಡಿಯಲ್ಲಿ ಕೊತ್ತಂಬರಿ ಬೀಜ, ಕಡಲೆಬೇಳೆ, ಮೆಂತ್ಯ, ಜೀರಿಗೆ, ಮೆಣಸಿನಕಾಯಿ. ಕೊನೆಗೆ ಇಂಗು, ಕರಿಬೇವಿನ ಒಗ್ಗರಣೆ. ಕೊತ್ತಂಬರಿ ಬೀಜದ ಪರಿಮಳಕ್ಕೆ ಮುಖ್ಯ ಕಾರಣ ಲಿನಲೂಲ್ ಎಂಬ ಅಂಶ. ಮಸ್ಕಟ್ ಮತ್ತು ಗೆವುರ್ಜ್‌ಟ್ರಾಮಿನರ್ ದ್ರಾಕ್ಷಿಗಳಲ್ಲೂ ಅದೇ ಇದೆ. ಮೆಂತ್ಯ ಹುರಿದಾಗ ಬರುವ ಘಮದ ಮೂಲ ಸೊಟೊಲಾನ್. ಸ್ಪೇನಿನ ಹಳೆಯ ಶೆರಿ ಎಂಬ ವೈನಿನಲ್ಲೂ ಅದು ಸಿಗುತ್ತದೆ. ಇಂಗು ಮಾತ್ರ ಗಂಧಕದ ಸಂಯುಕ್ತಗಳ ಗಣಿ, ಸೂಕ್ಷ್ಮ ಪರಿಮಳದ ದುಬಾರಿ ವೈನನ್ನು ಅದು ಪೂರ್ತಿ ಮುಚ್ಚಿಹಾಕುತ್ತದೆ. ಇಂಗಿನ ಒಗ್ಗರಣೆಯ ಊಟಕ್ಕೆ ಬೆಲೆಬಾಳುವ ಬಾಟಲಿ ತೆರೆಯಬೇಡಿ, ಅಂಗಡಿಯಲ್ಲಿ ದಿನವೂ ಸಿಗುವ ಶೆನಿನ್ ಬ್ಲಾಂ ಸಾಕು. ನುಗ್ಗೆಕಾಯಿ, ಸಾಂಬಾರ್ ಈರುಳ್ಳಿ ಹಾಕಿ ಚೂರು ಬೆಲ್ಲ ಬೆರೆಸಿದ ಹುಳಿಗೆ ಸ್ವಲ್ಪ ಸಿಹಿಯ ಶೆನಿನ್. ಮೂಲಂಗಿ ಹುಳಿಗೆ, ಸೊಪ್ಪಿನ ಹುಳಿಗೆ ಸಿಹಿಯಿಲ್ಲದ ಸೊವಿನ್ಯೋಂ ಬ್ಲಾಂ. ಹುಳಿಗೆ ಒಂದು ದೊಡ್ಡ ನೆಲ್ಲಿಕಾಯಿಗಾತ್ರಕ್ಕಿಂತ ಹೆಚ್ಚು ಬೆಲ್ಲ ಬಿದ್ದರೆ ಸಿಹಿಯಿಲ್ಲದ ವೈನ್ ಕಹಿಯಾಗುತ್ತದೆ ಎಂಬುದನ್ನು ಮರೆಯಬಾರದು. ಉಡುಪಿಯ ಕಡೆಯ ಅಡುಗೆಗೆ ಶೆನಿನ್ ಹೆಚ್ಚು ಒಗ್ಗುವುದೂ ಈ ಬೆಲ್ಲದಿಂದಲೇ.

ಡಿಸೆಂಬರ್, ಜನವರಿಯಲ್ಲಿ ಅವರೆಕಾಯಿ ಬಂದಾಗ ಸೊವಿನ್ಯೋಂ ಬ್ಲಾಂ ಮನೆಯಲ್ಲಿರಲಿ. ಅದರ ಹಸಿರು ವಾಸನೆ ಪೈರಜಿನ್ ಎಂಬ ಗುಂಪಿನ ಅಂಶಗಳದ್ದು. ಹಸಿ ಬಟಾಣಿ, ದಪ್ಪ ಮೆಣಸಿನಕಾಯಿಯಲ್ಲೂ ಅವೇ ಇವೆ. ಹಿತಕಿದ ಬೇಳೆ ಸಾರಿನ ಸೊಗಡಿನ ಪಕ್ಕದಲ್ಲಿ ಈ ಹಸಿರು ತುಂಬ ಚೆನ್ನಾಗಿ ಕೂರುತ್ತದೆ. ಸಾರಿಗೆ ತೆಂಗಿನಕಾಯಿ ಸ್ವಲ್ಪ ಜಾಸ್ತಿಯೇ ರುಬ್ಬಿ, ಚಕ್ಕೆ ಲವಂಗ ಕಡಿಮೆ ಮಾಡಿ. ಮಸಾಲೆ ಜೋರಾದರೆ ಸೊಗಡೂ ಹೋಯಿತು, ವೈನಿನ ಹಸಿರೂ ಹೋಯಿತು.

ಮೈಸೂರು, ಮಂಡ್ಯ, ಕೋಲಾರದ ಮುದ್ದೆಯೂಟಕ್ಕೆ ಬೇರೆ ಲೆಕ್ಕ. ರಾಗಿಯಲ್ಲೇ ಸಣ್ಣ ಒಗರಿದೆ, ಮುದ್ದೆಯನ್ನು ನುಂಗುವುದರಿಂದ ಅದು ನಾಲಿಗೆಯಲ್ಲಿ ಹೆಚ್ಚು ನಿಲ್ಲುವುದಿಲ್ಲ. ರುಚಿಯೆಲ್ಲ ಸಾರಿನದ್ದು. ಬಸ್ಸಾರಿನಲ್ಲಿ ಸೊಪ್ಪು ಕಾಳು ಬೆಂದ ಕಟ್ಟಿನ ಮಾಂಸಲ ರುಚಿ ಇರುತ್ತದೆ. ಅಂಥ ರುಚಿ ವೈನಿನ ಒಗರನ್ನು ಒರಟು ಮಾಡುತ್ತದೆ. ಆದ್ದರಿಂದ ಬಸ್ಸಾರಿಗೆ ಗಟ್ಟಿ ರೆಡ್ ಬೇಡ, ಸಿಹಿಯಿಲ್ಲದ ರೋಸೆ, ಅಂದರೆ ಗುಲಾಬಿ ಬಣ್ಣದ ವೈನ್ ಒಳ್ಳೆಯದು. ಒಗರು ಎದ್ದು ಕಾಣುತ್ತಿದ್ದರೆ ಸಾರಿಗೆ ಎರಡು ಕಲ್ಲು ಉಪ್ಪು, ನಾಲ್ಕು ಹನಿ ನಿಂಬೆ ಹಾಕಿ ನೋಡಿ, ಅದೇ ವೈನ್ ಮೆತ್ತಗಾಗುತ್ತದೆ. ನಾಟಿ ಕೋಳಿ ಸಾರಿಗೆ ಕಾಳುಮೆಣಸು ಮುಂದಿದ್ದರೆ ಶಿರಾಜ್, ಹಸಿಮೆಣಸಿನಕಾಯಿ ಮುಂದಿದ್ದರೆ ರೋಸೆ. ಉಪ್ಸಾರಿನ ಖಾರಕ್ಕೆ ಯಾವ ವೈನನ್ನೂ ಸೂಚಿಸಲು ಮನಸ್ಸು ಬರುವುದಿಲ್ಲ. ಅದಕ್ಕೆ ಮಜ್ಜಿಗೆಯೇ ಸರಿ.

ಕಾಳುಮೆಣಸು ಮತ್ತು ಶಿರಾಜ್ ಹೊಂದುವುದು ಬರೀ ಅಭ್ಯಾಸಬಲದಿಂದಲ್ಲ. ರೊಟಂಡೋನ್ ಎಂಬ ಅಂಶವೇ ಕೆಲವು ಶಿರಾಜ್ ವೈನುಗಳ ಮೆಣಸಿನ ಘಾಟಿಗೆ ಕಾರಣವೆಂದು ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ತೋರಿಸಿದರು. ಕಾಳುಮೆಣಸಿನಲ್ಲಿರುವುದೂ ಅದೇ ಅಂಶ. ಕೊಡಗಿನ ಪಂದಿ ಕರಿಯ ಮುಂದೆ ಇದು ಎಷ್ಟು ಸರಿಯಾಗಿ ಕೂರುತ್ತದೆ ನೋಡಿ. ಹುರಿದು ಕಪ್ಪಾಗಿಸಿದ ಮಸಾಲೆಯಲ್ಲಿ ಮೆಣಸು, ಜೀರಿಗೆ, ಕೊತ್ತಂಬರಿ. ಹಂದಿಯ ಕೊಬ್ಬು ಒಗರನ್ನು ತಗ್ಗಿಸುತ್ತದೆ. ಕಾಚಂಪುಳಿ ಎಂಬ ಕೊಡಗಿನ ಕಪ್ಪು ಹುಳಿರಸ ಕೊಬ್ಬನ್ನು ಕತ್ತರಿಸುತ್ತದೆ. ಕಾಚಂಪುಳಿ ಮಾತ್ರ ಕೈಮೀರಬಾರದು. ಒಂದು ಕೆಜಿ ಮಾಂಸಕ್ಕೆ ಒಂದೂವರೆ ಚಮಚದಿಂದ ಶುರುಮಾಡಿ, ಒಲೆಯಿಂದ ಇಳಿಸುವ ಮುಂಚೆ ಹಾಕಿ, ರುಚಿ ನೋಡಿ ಬೇಕಾದರೆ ಇನ್ನರ್ಧ ಸೇರಿಸಿ. ಹುಳಿ ಏರಿದರೆ ಶಿರಾಜ್‌ನ ಹಣ್ಣು ಮಾಯವಾಗಿ ಬರೀ ಮರದ ವಾಸನೆ ಉಳಿಯುತ್ತದೆ. ಜೊತೆಗೆ ಅಕ್ಕಿತರಿಯ ಉಂಡೆ ಕಡಂಬುಟ್ಟು ಇದ್ದರೆ ಬಾಯಿ ಆಗಾಗ ತಿಳಿಯಾಗುತ್ತಿರುತ್ತದೆ.

ಉತ್ತರ ಕರ್ನಾಟಕದ ಜೋಳದ ರೊಟ್ಟಿ, ಎಣ್ಣೆಗಾಯಿ ನಮ್ಮ ಮಟ್ಟಿಗೆ ರೆಡ್ ವೈನಿಗೆ ಅತ್ಯುತ್ತಮವಾದ ಸಸ್ಯಾಹಾರಿ ಊಟ. ಇಲ್ಲಿ ಎಲ್ಲವೂ ರೆಡ್‌ನ ಪರವಾಗಿವೆ. ಹುರಿದ ಶೇಂಗಾ, ಎಳ್ಳು, ಗುರೆಳ್ಳು, ಒಣಕೊಬ್ಬರಿ ರುಬ್ಬಿ ತುಂಬಿದ ಮುಳ್ಳುಗಾಯಿಯಲ್ಲಿ ಎಣ್ಣೆಯಂಶವೂ ಇದೆ, ಪ್ರೊಟೀನೂ ಇದೆ, ಹುರಿದ ಘಮವೂ ಇದೆ. ಎಂಟು ಬದನೆಕಾಯಿಗೆ ಅರ್ಧ ಬಟ್ಟಲು ಶೇಂಗಾ, ಎರಡು ಚಮಚ ಎಳ್ಳು, ಒಂದು ಚಮಚ ಗುರೆಳ್ಳು ಎಂಬ ಅಳತೆಯಲ್ಲಿ ಮಸಾಲೆ ಮಾಡಿದರೆ ಓಕ್ ಮರದ ಪೀಪಾಯಿಯಲ್ಲಿಟ್ಟ ಶಿರಾಜ್ ಕೂಡ ತಡೆಯುತ್ತದೆ. ತಪ್ಪುವುದು ಎರಡು ಕಡೆ. ಶೇಂಗಾ ಹೆಚ್ಚು ಹುರಿದು ಕರಕಾದರೆ ಆ ಕಹಿ ವೈನಿನ ಒಗರಿಗೆ ಸೇರಿ ಇಮ್ಮಡಿಯಾಗುತ್ತದೆ. ಸಿಪ್ಪೆ ಸಿಡಿಯಲು ಶುರುವಾದಾಗಲೇ ಇಳಿಸಿ, ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ಸಾಕು. ಇನ್ನೊಂದು, ಬದನೆಕಾಯಿ ಬಲಿತು ಬೀಜ ಕಪ್ಪಾಗಿದ್ದರೆ ಅದರದೇ ಕಹಿ ಬಿಡುತ್ತದೆ. ಹೆಚ್ಚಿದ ತಕ್ಷಣ ಉಪ್ಪುನೀರಿನಲ್ಲಿ ಹಾಕಿ. ಜೊತೆಗಿರುವ ಹಸಿಮೆಣಸಿನಕಾಯಿ ರಂಜಕವನ್ನು ಆ ಹೊತ್ತಿಗೆ ದೂರವಿಡಿ, ಶೇಂಗಾ ಚಟ್ನಿಪುಡಿ ಮತ್ತು ಮೊಸರು ಹತ್ತಿರ ಇರಲಿ. ಝುಣಕಕ್ಕೂ ಇದೇ ಶಿರಾಜ್ ನಡೆಯುತ್ತದೆ, ಓಕ್ ಇಲ್ಲದ್ದಾದರೆ ಇನ್ನೂ ಚೆನ್ನ. ಮಹಾರಾಷ್ಟ್ರದ ಅಕ್ಲೂಜ್ ಕಡೆ ಬೆಳೆಯುವ ಸಾಂಜೊವೇಸೆ ಸಿಕ್ಕರೆ ಎಣ್ಣೆಗಾಯಿಯ ಹುಣಸೆಗೆ ಅದರ ಹುಳಿ ಸರಿಗಟ್ಟುತ್ತದೆ.

ಕರಾವಳಿಯ ಮೀನಿಗೆ ರೆಡ್ ಬೇಡವೆನ್ನುವುದಕ್ಕೆ ಗಟ್ಟಿ ಕಾರಣವಿದೆ. ವೈನಿನಲ್ಲಿರುವ ಕಬ್ಬಿಣದ ಅಂಶವೇ ಕಡಲ ತಿನಿಸಿನ ಜೊತೆ ಸೇರಿ ನಾರುವ ವಾಸನೆ ಎಬ್ಬಿಸುತ್ತದೆಂದು ಜಪಾನಿನ ಸಂಶೋಧಕರು 2009ರಲ್ಲಿ ವರದಿ ಮಾಡಿದರು. ರೆಡ್‌ನಲ್ಲಿ ಕಬ್ಬಿಣ ಸಾಮಾನ್ಯವಾಗಿ ಹೆಚ್ಚು. ಬಂಗುಡೆ, ಬೂತಾಯಿಯಂಥ ಎಣ್ಣೆಮೀನಿನಲ್ಲಿ ಇದು ಎದ್ದು ಕಾಣುತ್ತದೆ. ಬಂಗುಡೆ ಪುಳಿಮುಂಚಿಗೆ ತಣ್ಣಗಿನ ಸೊವಿನ್ಯೋಂ ಬ್ಲಾಂ, ಖಾರ ಜಾಸ್ತಿಯಿದ್ದರೆ ಸಿಹಿಯ ಶೆನಿನ್. ರವೆ ಹಚ್ಚಿ ಕರಿದ ಕಾಣೆಗೆ ಸ್ಪಾರ್ಕ್ಲಿಂಗ್: ಗುಳ್ಳೆ ಮತ್ತು ಹುಳಿ ಎಣ್ಣೆಯನ್ನು ತೊಳೆದು ಮುಂದಿನ ತುತ್ತಿಗೆ ಬಾಯಿ ಸಿದ್ಧ ಮಾಡುತ್ತವೆ. ಕೋರಿ ಗಸಿಯಲ್ಲಿ ತೆಂಗಿನಹಾಲು ಧಾರಾಳ, ಬ್ಯಾಡಗಿಯ ಬಣ್ಣ. ಇಲ್ಲಿ ಕಡಿಮೆ ಹುಳಿಯ, ಏಪ್ರಿಕಾಟ್ ಘಮದ ವಿಯೊನ್ಯೆಗೆ ಕೊನೆಗೂ ಜಾಗ ಸಿಗುತ್ತದೆ. ಓಕ್ ಪೀಪಾಯಿಯಿಂದ ವೈನಿಗೆ ಬರುವ ಲ್ಯಾಕ್ಟೋನ್ ಎಂಬ ಅಂಶಕ್ಕೆ ತೆಂಗಿನಕಾಯಿಯದೇ ಪರಿಮಳವಿದೆ. ಆದ್ದರಿಂದ ಓಕ್ ಮುಟ್ಟಿದ ಶಾರ್ಡನೆ ಎಂಬ ವೈಟ್ ವೈನನ್ನು ನೀರುದೋಸೆ ಮತ್ತು ಸಪ್ಪೆ ಕುರ್ಮಕ್ಕೆ ಇಟ್ಟುನೋಡಬಹುದು. ಖಾರವಿದ್ದಲ್ಲಿ ಮಾತ್ರ ಓಕ್ ಬೇಡ, ಅದರ ಮರದ ರುಚಿ ಕಹಿಗೆ ತಿರುಗುತ್ತದೆ.

ಬಿಸಿಬೇಳೆಬಾತಿಗೆ ರೋಸೆ. ಚಕ್ಕೆ, ಮರಾಠಿ ಮೊಗ್ಗು, ತುಪ್ಪ, ಹುಣಸೆ ಎಲ್ಲವನ್ನೂ ಒಟ್ಟಿಗೆ ತಡೆದುಕೊಳ್ಳುವ ಬೇರೆ ಬಣ್ಣದ ವೈನ್ ಇಲ್ಲ. ಚಿತ್ರಾನ್ನಕ್ಕೆ ಸೊವಿನ್ಯೋಂ ಬ್ಲಾಂ. ಬೋಂಡ, ಹಪ್ಪಳ, ಸಂಡಿಗೆ, ಅಕ್ಕಿರೊಟ್ಟಿಗೆ ಸ್ಪಾರ್ಕ್ಲಿಂಗ್, ಸಂಶಯವೇ ಬೇಡ. ಹಾಗಲಕಾಯಿ ಗೊಜ್ಜಿಗೆ ಒಗರಿರುವ ಯಾವುದೂ ಬೇಡ.

ಊಟಕ್ಕಿಂತ ಹೆಚ್ಚಾಗಿ ವೈನನ್ನು ಹಾಳುಮಾಡುವುದು ನಮ್ಮ ಸೆಕೆ. ರೆಡ್ ವೈನನ್ನು ಕೋಣೆಯ ಉಷ್ಣತೆಯಲ್ಲಿ ಕೊಡಿ ಎಂಬ ಸಲಹೆ ತಂಪುದೇಶದ ಕೋಣೆಗಳದ್ದು, ಅಂದರೆ 16ರಿಂದ 18 ಡಿಗ್ರಿ. ಏಪ್ರಿಲ್‌ನಲ್ಲಿ ಕಲಬುರಗಿಯ ಕೋಣೆ ಅದರ ಎರಡರಷ್ಟಿರುತ್ತದೆ. ಆ ಬಿಸಿಯಲ್ಲಿ ಆಲ್ಕೋಹಾಲು ಮೂಗಿಗೆ ಮೊದಲು ಹೊಡೆಯುತ್ತದೆ, ಹಣ್ಣು ಬೆಂದಂತೆ ಕಾಣುತ್ತದೆ. ರೆಡ್ ಬಾಟಲಿಯನ್ನು ಊಟಕ್ಕೆ ಮುಂಚೆ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ವೈಟ್ ಎರಡು ಗಂಟೆ ಇರಲಿ, ಬಡಿಸುವ ಹತ್ತು ನಿಮಿಷ ಮುಂಚೆ ಹೊರಗೆ ತೆಗೆಯಿರಿ. ತೀರಾ ತಣ್ಣಗಿದ್ದರೆ ಪರಿಮಳ ಏಳುವುದಿಲ್ಲ. ಬಾಟಲಿ ಕೂಡಿಡುವ ಜಾಗ ಫ್ರಿಜ್ಜಿನ ನೆತ್ತಿಯೂ ಅಲ್ಲ, ಒಲೆಯ ಮೇಲಿನ ಕಪಾಟೂ ಅಲ್ಲ. ಎರಡೂ ಮನೆಯ ಬಿಸಿ ಜಾಗಗಳು. ನೆಲಕ್ಕೆ ಹತ್ತಿರದ, ಬೆಳಕು ಬೀಳದ ಕಪಾಟು ಅಥವಾ ಫ್ರಿಜ್ಜಿನ ತರಕಾರಿ ಡಬ್ಬಿ ಒಳ್ಳೆಯದು.

ಕೊಳ್ಳುವಾಗಲೂ ಇದನ್ನೇ ನೋಡಬೇಕು. ಅಂಗಡಿಯ ಬಾಗಿಲಿನ ಬಿಸಿಲಿಗೆ ನಿಂತ ಬಾಟಲಿ ಬೇಡ. ಕಾರ್ಕ್ ಬಾಯಿಂದ ಮೇಲೆದ್ದಿದ್ದರೆ, ಕುತ್ತಿಗೆ ಅಂಟಂಟಾಗಿದ್ದರೆ ಅದು ಬಿಸಿಗೆ ಸಿಕ್ಕಿದೆ. ತಿರುಪು ಮುಚ್ಚಳದ್ದನ್ನು ಕೀಳೆಂದು ತಿಳಿಯಬೇಡಿ, ನಮ್ಮ ಹವೆಗೆ ಅದೇ ವಾಸಿ. ಇಲ್ಲಿನ ದ್ರಾಕ್ಷಿ ಕೊಯ್ಲು ಹೆಚ್ಚಾಗಿ ಜನವರಿಯಿಂದ ಮಾರ್ಚ್ ಒಳಗೆ ಮುಗಿಯುತ್ತದೆ. ಲೇಬಲ್ಲಿನ ವರ್ಷ ನೋಡಿ, ವೈಟ್ ಮತ್ತು ರೋಸೆ ಎರಡು ವರ್ಷದೊಳಗಿನದ್ದಿರಲಿ. ನಂದಿಬೆಟ್ಟದ ತಪ್ಪಲಲ್ಲಿ ಗ್ರೋವರ್ ಕುಟುಂಬ 1988ರಲ್ಲಿ ಫ್ರೆಂಚ್ ತಳಿಗಳ ತೋಟ ಶುರುಮಾಡಿತು. ಅಲ್ಲಿನ ಕ್ಯಾಬರ್ನೆ ಶಿರಾಜ್ ಮಿಶ್ರಣ ಲಾ ರಿಸರ್ವ್ ಈಗಲೂ ಮಟನ್ ಸಾರಿನ ದಿನಕ್ಕೆ ನೆಚ್ಚಬಹುದಾದ ವೈನ್. ಹಂಪಿ ಬೆಟ್ಟಗಳ ಕಡೆಯ ಕ್ರಸ್ಮ ಎಸ್ಟೇಟಿನ ಕ್ಯಾಬರ್ನೆ ಇನ್ನೂ ಗಟ್ಟಿ, ಅದಕ್ಕೆ ಹುರಿದ ಮಾಂಸವೇ ಬೇಕು, ಸಾರಿನ ಪಕ್ಕ ಇಡಬೇಡಿ.

ಬೆಂಗಳೂರು ನೀಲಿ ದ್ರಾಕ್ಷಿಯ ಸಿಹಿ ವೈನ್ ಬಗ್ಗೆ ವೈನ್ ಬಲ್ಲವರು ಮೂಗು ಮುರಿಯುತ್ತಾರೆ. ಅದು ಯುರೋಪಿನ ವೈನ್ ತಳಿಗಳಿಂದ ಬೇರೆಯಾದ, ಅಮೆರಿಕದ ರಕ್ತವಿರುವ ಇಸಬೆಲ್ಲಾ ಜಾತಿ. ಅದರ ಜೋರು ವಾಸನೆಗೆ ಮೀಥೈಲ್ ಆಂಥ್ರನಿಲೇಟ್ ಕಾರಣ. ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದಲ್ಲಿ ಬೆಳೆಯುವ ಇದಕ್ಕೆ ಭೌಗೋಳಿಕ ಗುರುತು ಸಿಕ್ಕಿದೆ. ಊಟಕ್ಕೆ ಇದು ಭಾರ. ಆದರೆ ಚೆನ್ನಾಗಿ ತಣ್ಣಗೆ ಮಾಡಿ ಸಣ್ಣ ಲೋಟದಲ್ಲಿ ಖಾರದ ಕೋಡುಬಳೆ, ನಿಪ್ಪಟ್ಟಿನ ಜೊತೆ ಕೊಟ್ಟರೆ ಸಿಹಿ ಖಾರವನ್ನು ಸರಿದೂಗಿಸುತ್ತದೆ, ಉಪ್ಪು ಸಿಹಿಯನ್ನು ಹಿಡಿತದಲ್ಲಿಡುತ್ತದೆ. ಅದಕ್ಕೊಂದು ಗೌರವದ ಜಾಗ ಇರಬೇಕು.

ಬಡಿಸುವಾಗಿನ ಸಣ್ಣ ಸಂಗತಿಗಳು ದೊಡ್ಡ ವ್ಯತ್ಯಾಸ ಮಾಡುತ್ತವೆ. ವೈನಿನ ವಾಸನೆ ನೋಡುವುದಿದ್ದರೆ ಒಗ್ಗರಣೆಗೆ ಮುಂಚೆ ನೋಡಿ. ಸಾಸಿವೆ ಸಿಡಿದು ಮೆಣಸಿನಕಾಯಿ ಘಾಟೆದ್ದ ಮೇಲೆ ಅರ್ಧ ಗಂಟೆ ಮೂಗು ಕೆಲಸಕ್ಕೆ ಬಾರದು. ಊದುಬತ್ತಿಯೂ ಅಷ್ಟೇ. ಸ್ಟೀಲ್ ಲೋಟ ಬೇಡ, ಬಾಯಿ ಸ್ವಲ್ಪ ಒಳಬಾಗಿರುವ ಗಾಜಿನ ಲೋಟದಲ್ಲಿ ಮೂರನೇ ಒಂದು ಪಾಲು ಮಾತ್ರ ಬಗ್ಗಿಸಿ, ಉಳಿದ ಜಾಗ ಪರಿಮಳಕ್ಕೆ. ಕಪಾಟಿನಿಂದ ತೆಗೆದ ಲೋಟವನ್ನು ಮೊದಲು ಮೂಸಿ. ಸೋಪು, ಮರ, ನುಸಿಗುಳಿಗೆ ಯಾವ ವಾಸನೆ ಬಂದರೂ ಬರಿ ನೀರಿನಲ್ಲಿ ತೊಳೆದು ಒರೆಸಿ. ನಾವು ಕೈಯಲ್ಲಿ ಉಣ್ಣುವವರು. ಬಲಗೈ ಅನ್ನದಲ್ಲಿರುತ್ತದೆ, ಲೋಟ ಎಡಗೈಗೆ ಸಿಗುವಂತೆ ತಟ್ಟೆಯ ಎಡಬದಿಗಿಡಿ. ಹುಳಿ ಹತ್ತಿದ ಬೆರಳು ಲೋಟದ ಅಂಚಿಗೆ ತಾಗಿದರೆ ಪ್ರತಿ ಗುಟುಕಿಗೂ ಇಂಗಿನ ವಾಸನೆಯೇ.

ತೆರೆದಾಗ ಒದ್ದೆ ರಟ್ಟಿನ ವಾಸನೆ ಬಂದರೆ ಕಾರ್ಕ್ ಕೆಟ್ಟಿದೆ, ಅದಕ್ಕೆ ಮದ್ದಿಲ್ಲ. ಉರಿದ ಬೆಂಕಿಕಡ್ಡಿಯ ವಾಸನೆಯಾದರೆ ಜಗ್ಗಿಗೆ ಸುರಿದು ಕಾಲು ಗಂಟೆ ಬಿಡಿ, ಹೋಗುತ್ತದೆ. ಉಗುರುಬಣ್ಣ ತೆಗೆಯುವ ದ್ರವದ ವಾಸನೆಯಿದ್ದರೆ ಚೆಲ್ಲಿ. ಸೇಬು ಕತ್ತರಿಸಿಟ್ಟಂತೆ ಕಂದಿದ ವೈಟ್ ಗಾಳಿಗೆ ಸೋತಿದೆ.

750 ಮಿಲಿಲೀಟರಿನ ಬಾಟಲಿಯಲ್ಲಿ 150ರ ಐದು ಲೋಟ ಬರುತ್ತದೆ. ಇಬ್ಬರು ಒಂದೊಂದು ಲೋಟ ಕುಡಿದರೆ ಅರ್ಧಕ್ಕಿಂತ ಹೆಚ್ಚು ಉಳಿಯುತ್ತದೆ. ಅದನ್ನು ಅರೆಬರೆ ಬಾಟಲಿಯಲ್ಲೇ ಬಿಟ್ಟರೆ ಒಳಗಿನ ಗಾಳಿ ಎರಡು ದಿನದಲ್ಲಿ ಕೆಲಸ ಮುಗಿಸುತ್ತದೆ. ಇದಕ್ಕೊಂದು ಒಳ್ಳೆಯ ಉಪಾಯ ಸಿಹಿತಿಂಡಿಯ ದಿನ ಸಿಗುತ್ತದೆ. ಒಬ್ಬಟ್ಟಿಗೆ, ಪಾಯಸಕ್ಕೆ ವೈನ್ ಇಡುವುದಾದರೆ ವೈನ್ ತಿಂಡಿಗಿಂತ ಸಿಹಿಯಾಗಿರಬೇಕು, ಇಲ್ಲವಾದರೆ ಬೆಲ್ಲದ ಮುಂದೆ ಹುಳಿಯಾಗುತ್ತದೆ. ತಡವಾಗಿ ಕೊಯ್ದ ಶೆನಿನ್‌ನಂಥ ಸಿಹಿ ವೈನುಗಳು ಸಾಮಾನ್ಯವಾಗಿ 375 ಮಿಲಿಲೀಟರಿನ ಸಣ್ಣ ಬಾಟಲಿಯಲ್ಲಿ ಬರುತ್ತವೆ. ಕಾಯಿಯೊಬ್ಬಟ್ಟಿಗೆ ತಣ್ಣಗೆ ಕೊಡಿ, ಒಬ್ಬರಿಗೆ 60 ಮಿಲಿಲೀಟರ್ ಸಾಕು. ಖಾಲಿಯಾದ ಆ ಬಾಟಲಿಯನ್ನು ಎಸೆಯದೆ ಬಿಸಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿಡಿ. ಮುಂದಿನ ಸಲ ದೊಡ್ಡ ಬಾಟಲಿ ತೆರೆದ ಕೂಡಲೇ, ಕುಡಿಯುವುದಕ್ಕೂ ಮುಂಚೆ, ಅರ್ಧವನ್ನು ಇದಕ್ಕೆ ಕತ್ತಿನವರೆಗೂ ತುಂಬಿ ಮುಚ್ಚಿ ಫ್ರಿಜ್ಜಿಗೆ ಸೇರಿಸಿ. ಗಾಳಿಗೆ ಜಾಗವಿಲ್ಲದ್ದರಿಂದ ವೈಟ್ ಆಗಲಿ ರೆಡ್ ಆಗಲಿ ಒಂದು ವಾರದವರೆಗೆ ಕೆಡದೆ ಬರುತ್ತದೆ. ಸ್ಪಾರ್ಕ್ಲಿಂಗ್ ಒಂದನ್ನು ಮಾತ್ರ ಹೀಗೆ ಬಾಟಲಿ ಬದಲಿಸಬಾರದು, ಸುರಿಯುವಾಗಲೇ ಗುಳ್ಳೆ ಹೋಗುತ್ತದೆ, ಸಾಧಾರಣ ಬಾಟಲಿ ಒತ್ತಡಕ್ಕೆ ಒಡೆಯಲೂಬಹುದು. ಅದನ್ನು ತೆರೆಯುವ ದಿನ ಬೋಂಡಕ್ಕೆ ನಾಲ್ಕು ಜನರನ್ನು ಕರೆಯಿರಿ.